ತಗ್ಗಿಸಿದ ಕಿಟಕಿ

ಭದ್ರಾವತಿ
12 ಜೂನ್ 1999

ಚಿ. ಮಧುಶ್ರೀಗೆ ಆಶೀರ್ವಾದಗಳು.

ನಿನ್ನೆ ಕಮಿಟಿ ಸಭೆ ಮುಗಿಯಿತು. ಐದು ಕೋಣೆಗಳಲ್ಲಿ ಒಂದನ್ನು, ಮೂರನೇ ತರಗತಿಯದನ್ನು, ನಿನ್ನ ಕೈಗೆ ಕೊಡಲು ಒಪ್ಪಿದ್ದಾರೆ. ಕಾರ್ಯದರ್ಶಿ ಶ್ರೀನಿವಾಸಮೂರ್ತಿಗಳು, "ಆರ್ಕಿಟೆಕ್ಟ್ ಅಂದ್ರೆ ಹೊಸ ಬಿಲ್ಡಿಂಗ್ ಕಟ್ಟೋರಲ್ವಾ ಸುಭದ್ರಮ್ಮ? ಹಳೇದಕ್ಕೆ ಗಿಡ ಹಬ್ಬಿಸೋಕೆ ಒಬ್ಬ ಮಾಲಿ ಸಾಕಲ್ವಾ?" ಎಂದರು. "ಅವಳು ನನ್ನ ಶಿಷ್ಯೆ. ಅದೇ ಕೋಣೆಯಲ್ಲಿ ಕೂತು ಮಗ್ಗಿ ಕಲಿತವಳು. ಏನು ಮಾಡ್ತಾಳೆ ಅಂತ ನೋಡಿ ಆಮೇಲೆ ಮಾತಾಡಿ" ಎಂದೆ.

ನೀನು ಓದುವಾಗ ಇದ್ದ ಹಾಗೆಯೇ ಇದೆ ಕಟ್ಟಡ. ಸಿಮೆಂಟ್ ಶೀಟಿನ ಸೂರು, ಮಕ್ಕಳ ತಲೆಗಿಂತ ಎತ್ತರದಲ್ಲಿ ಕಂಬಿಯ ಕಿಟಕಿ, ಮೇಲೆ ಗಾಜಿನ ಚೂರು ನೆಟ್ಟ ಕಾಂಪೌಂಡ್. ಗೋಡೌನಿಗೆಂದು ಕಟ್ಟಿದ್ದನ್ನು ಶಾಲೆ ಮಾಡಿದರೆ ಇನ್ನು ಹೇಗಿರುತ್ತದೆ? ಈ ಮಾರ್ಚಿನಲ್ಲಿ ಕಾವಿಗೆ ಮೂವರು ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂತು. ನನಗೆ ಇನ್ನು ಎರಡೂಮುಕ್ಕಾಲು ವರ್ಷ ಸರ್ವಿಸ್ ಇದೆ. ಅಷ್ಟರಲ್ಲಿ ಐದೂ ಕೋಣೆ ಆಗಬೇಕೆಂಬುದೇ ನನ್ನ ಆಸೆ.

ಶಾಲೆಯ ಫೋನನ್ನು ಕಾರ್ಯದರ್ಶಿಗಳು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ಒಯ್ಯುತ್ತಾರೆ. ಆದ್ದರಿಂದ ಪತ್ರವನ್ನೇ ಬರೆ. ಒತ್ತಕ್ಷರ ನೋಡಿಕೊಂಡು ಬರೆ.

ಸುಭದ್ರಮ್ಮ


ಹೊಸಮನೆ, ಶಿವಮೊಗ್ಗ
21 ಜೂನ್ 1999

ಪೂಜ್ಯ ಟೀಚರ್‌ಗೆ ನಮಸ್ಕಾರಗಳು.

ನಕ್ಷೆ ಇದರ ಜೊತೆಗಿದೆ. ಕಿಟಕಿಯನ್ನು ಮಗು ಏರಿ ಕೂರುವಷ್ಟು ತಗ್ಗಿಗೆ ಇಳಿಸುತ್ತೇನೆ. ಕಂಬಿ ಬೇಡ. ಹುತ್ತದೊಳಗೆ ಕೆಳಗಿನಿಂದ ತಂಪು ಗಾಳಿ ಬಂದು ಬಿಸಿಗಾಳಿ ಮೇಲಿನಿಂದ ಹೋಗುತ್ತದಲ್ಲ, ಅದೇ ರೀತಿ ಗೋಡೆಯ ಬುಡದಲ್ಲಿ ಮತ್ತು ಸೂರಿನಡಿಯಲ್ಲಿ ಗಾಳಿಗಂಡಿಗಳು. ನೆಲದ ಸಿಮೆಂಟ್ ಹಸಿಯಿರುವಾಗಲೇ ಹಲಸು, ಹೊಂಗೆ, ಅರಳಿಯ ಎಲೆ ಒತ್ತಿ ಅಚ್ಚು ತೆಗೆಸುತ್ತೇನೆ. ಬಿಸಿಲು ಬೀಳುವ ಗೋಡೆಗೆ ತಂತಿ ಕಟ್ಟಿ ಬಳ್ಳಿ. ನವುಲೆಯ ಕೃಷಿ ಕಾಲೇಜಿನಲ್ಲಿ ಸಸಿ ಕೊಡಲು ಒಪ್ಪಿದ್ದಾರೆ.

ಆದರೆ ಟೀಚರ್, ರಸ್ತೆ ಕಡೆಯ ಕಾಂಪೌಂಡ್ ಒಡೆಯಲೇಬೇಕು. ಆ ಜಾಗಕ್ಕೆ ಎರಡೂವರೆ ಅಡಿಯ ದಾಸವಾಳದ ಬೇಲಿ. ಚಿಕ್ಕವಳಿದ್ದಾಗ ಆ ಗಾಜಿನ ಚೂರುಗಳನ್ನು ನೋಡಿ ನಾನು ಇದು ಜೈಲು ಎಂದೇ ತಿಳಿದಿದ್ದೆ.

ಒಂದು ಗುಟ್ಟು ಹೇಳುತ್ತೇನೆ. ಬೆಂಗಳೂರಿನ ಒಂದು ಪ್ರತಿಷ್ಠಾನದವರು, ಈ ಕೋಣೆಯಿಂದ ಮಕ್ಕಳಲ್ಲಿ ಬದಲಾವಣೆ ಕಂಡರೆ ಉಳಿದ ನಾಲ್ಕನ್ನೂ ಮಾಡಿಸಿಕೊಡುತ್ತಾರೆ. ಆದ್ದರಿಂದ ಬದಲಾವಣೆ ಕಾಣಬೇಕು. ಏನು ಕಂಡರೂ ನನಗೆ ಬರೆಯುತ್ತಿರಿ.

ನಿಮ್ಮ ಮಧು


ಭದ್ರಾವತಿ
16 ಆಗಸ್ಟ್ 1999

ಚಿ. ಮಧುಶ್ರೀಗೆ ಆಶೀರ್ವಾದಗಳು.

ಸ್ವಾತಂತ್ರ್ಯ ದಿನದ ಬಾವುಟವನ್ನು ಹೊಸ ಬೇಲಿಯ ಪಕ್ಕದಲ್ಲೇ ಹಾರಿಸಿದೆವು. ಮಧ್ಯಾಹ್ನದ ಹೊತ್ತು ಕೋಣೆ ನಿಜಕ್ಕೂ ತಂಪಾಗಿದೆ. ನಾಲ್ಕನೇ ತರಗತಿಯ ಮಕ್ಕಳು ನೀರು ಕುಡಿಯುವ ನೆಪದಲ್ಲಿ ಬಂದು ಅಲ್ಲೇ ಕೂತುಬಿಡುತ್ತಾರೆ. ಪಾಠದ ನಡುವೆ ಹುಡುಗರು ನೆಲಕ್ಕೆ ಬಗ್ಗಿ ಎಲೆಯ ನರ ಎಣಿಸುತ್ತಾರೆ, ನಾನು ಬೈಯುವುದಿಲ್ಲ.

ಈ ವರ್ಷ ಸೇರಿದ ಕವನ ಎಂಬ ಎಂಟು ವರ್ಷದ ಹುಡುಗಿ ಮಾತ್ರ ಮಾತಾಡುವುದಿಲ್ಲ. ಮೂಗಿಯಲ್ಲ. ತಾಯಿ ದ್ಯಾಮಮ್ಮ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಗುಡಿಸಿ ತೊಳೆಯುವ ಕೆಲಸ ಮಾಡುತ್ತಾಳೆ. ತಾಯಿ ಮಗಳು ಇಬ್ಬರೇ ಇರುವುದು. ಕಾಂಪೌಂಡ್ ಒಡೆದ ದಿನದಿಂದ ಹುಡುಗಿ ಕಿಟಕಿಯ ಹತ್ತಿರದ ಜಾಗ ಬಿಟ್ಟು ಬಾಗಿಲ ಹಿಂದಿನ ಮೂಲೆಗೆ ಹೋಗಿ ಕೂತಿದ್ದಾಳೆ. ಹೊಸದಲ್ಲವೇ, ಒಗ್ಗಬೇಕು.

ಸುಭದ್ರಮ್ಮ


ಭದ್ರಾವತಿ
19 ಸೆಪ್ಟೆಂಬರ್ 1999

ಮಧು,

ಕವನ ಮಾತಾಡಿದಳು!

ಶುಕ್ರವಾರ ಎರಡನೇ ಪೀರಿಯಡ್ಡಿನಲ್ಲಿ ಮಕ್ಕಳನ್ನು ನೆಲದ ಅಚ್ಚುಗಳ ಸುತ್ತ ಕೂರಿಸಿ ಯಾವ ಎಲೆ ಎಂದು ಕೇಳುತ್ತಿದ್ದೆ. ಯಾರಿಗೂ ಹೊಳೆಯಲಿಲ್ಲ. ಆಗ ಅವಳು ಅಚ್ಚಿನ ಮೇಲೆ ಅಂಗೈ ಇಟ್ಟು, "ಹಲಸು" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥದ್ದು ಕಂಡಿರಲಿಲ್ಲ.

ಇದು ನಿನ್ನ ಕೋಣೆಯ ಕೆಲಸ. ಬೇರೆ ಏನು ಕಾರಣ ಇದ್ದೀತು? ನಿನ್ನ ಪ್ರತಿಷ್ಠಾನದವರಿಗೆ ತಿಳಿಸು.

ಸುಭದ್ರಮ್ಮ


ಶಿವಮೊಗ್ಗ
24 ಸೆಪ್ಟೆಂಬರ್ 1999

ಟೀಚರ್, ನಿಮ್ಮ ಪತ್ರವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಪ್ರತಿಷ್ಠಾನದವರಿಗೆ ಅದರ ಪ್ರತಿಯನ್ನೇ ಕಳಿಸಿದ್ದೇನೆ. ಅವರಿಗೆ ಇಂಥದ್ದೇ ಬೇಕಿತ್ತು. ಕೋಣೆ ಎಷ್ಟು ಡಿಗ್ರಿ ತಂಪಾಯಿತು ಎಂದರೆ ಯಾರ ಮನಸ್ಸೂ ಕರಗುವುದಿಲ್ಲ, ಒಂದು ಮಗು ಮಾತಾಡಿತು ಎಂದರೆ ಕರಗುತ್ತದೆ.

ನವೆಂಬರಿನಲ್ಲಿ ನನ್ನ ಪರಿಚಯದ ಫೋಟೋಗ್ರಾಫರ್ ಉಮಾಮಹೇಶ್ವರ ಬರುತ್ತಾರೆ. ಕವನಾಳ ಕೆಲವು ಫೋಟೋ ಬೇಕು. ನನ್ನ ಫೈಲಿಗೆ.

ಮಧು


ಭದ್ರಾವತಿ
30 ನವೆಂಬರ್ 1999

ಚಿ. ಮಧುಶ್ರೀಗೆ,

ನಿನ್ನ ಫೋಟೋಗ್ರಾಫರ್ ಬಂದು ಹೋದರು. ಒಳ್ಳೆಯ ಮನುಷ್ಯರೇ. ಆದರೆ ಮೂಲೆಯಲ್ಲಿ ಬೆಳಕು ಸಾಲದು ಎಂದು ಕವನಾಳನ್ನು ಎತ್ತಿ ಕಿಟಕಿಯ ಮೇಲೆ ಕೂರಿಸಿದರು. ಹುಡುಗಿ ಸೆಟೆದು ಕೂತಳು. "ನಗು ಪುಟ್ಟಾ, ನಗು" ಎಂದು ಅವರು ಕುಣಿದು ತೋರಿಸಿದಾಗ ಉಳಿದ ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು. ಅವಳು ನಗಲಿಲ್ಲ. ಹೊರಗೆ ನೋಡುತ್ತಿದ್ದಳು. ಆ ಫೋಟೋ ಚೆನ್ನಾಗಿ ಬಂದಿರಬೇಕು.

ದ್ಯಾಮಮ್ಮ ಸಂಜೆ ಬಂದು ಕೇಳಿದಳು: "ಫೋಟೋ ಎಲ್ಲೂ ಹೋಗಲ್ಲ ತಾನೆ ಟೀಚರ್?" ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಫೈಲಿನಲ್ಲೇ ಇರಲಿ. ಕಾರಣ ಕೇಳಬೇಡ. ಆ ತಾಯಿಗೆ ಇಷ್ಟವಿಲ್ಲ, ಅಷ್ಟೆ.

ಉಳಿದ ನಾಲ್ಕು ಕೋಣೆಗಳ ವಿಷಯ ಏನಾಯಿತು?

ಸುಭದ್ರಮ್ಮ


ಶಿವಮೊಗ್ಗ
10 ಜನವರಿ 2000

ಪೂಜ್ಯ ಟೀಚರ್‌ಗೆ ಹೊಸ ವರ್ಷದ ಶುಭಾಶಯಗಳು.

ನಾಲ್ಕು ಕೋಣೆಗಳೂ ಬಹುತೇಕ ಖಚಿತ! ಫೋಟೋಗಳಂತೂ ಅದ್ಭುತ. ಕಿಟಕಿಯಲ್ಲಿ ಕೂತ ಕವನ ಬಯಲು ಕಂಡ ಹಕ್ಕಿಯ ಹಾಗೆ ಹೊರಗೆ ನೋಡುತ್ತಿದ್ದಾಳೆ. ತುಟಿಯ ಕೆಳಗಿನ ಆ ಮಚ್ಚೆ ಕೂಡ ಎಷ್ಟು ಮುದ್ದಾಗಿ ಬಂದಿದೆ. ಈ ತಿಂಗಳ ಕೊನೆಯಲ್ಲಿ ನಿಮಗೊಂದು ಸಂತೋಷದ ಸುದ್ದಿ ಕಾದಿದೆ. ಈಗಲೇ ಹೇಳುವುದಿಲ್ಲ.

ಮಧು


ಭದ್ರಾವತಿ
31 ಜನವರಿ 2000

ಮಧುಶ್ರೀ,

ನಿನ್ನೆ ಭಾನುವಾರದ ಪುರವಣಿ ನೋಡಿದೆ. ಅರ್ಧ ಪುಟದ ಫೋಟೋ. "ಕೋಣೆ ಕಲಿಸಿದ ಮಾತು." ನಿನ್ನ ಹೆಸರಿದೆ, ಶಿವಮೊಗ್ಗದ ನಿನ್ನ ಆಫೀಸಿನ ವಿಳಾಸವಿದೆ. ನಮ್ಮ ಶಾಲೆಯ ಹೆಸರಿಲ್ಲ, ಊರೂ ಇಲ್ಲ. ಸದ್ಯ. ಆದರೆ ಮುಖ ಇದೆಯಲ್ಲ.

ಫೈಲಿನಲ್ಲಿರಲಿ ಎಂದಿದ್ದೆ.

ಕಾರ್ಯದರ್ಶಿಗಳು ಖುಷಿಯಲ್ಲಿದ್ದಾರೆ. ಪುಟಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ನೇತುಹಾಕಿದ್ದಾರೆ. ಮೊದಲ ಬಾರಿಗೆ ಫೋನಿನ ಕೀಲಿಯನ್ನು ನನಗೆ ಕೊಡುವ ಮಾತಾಡಿದರು. ದ್ಯಾಮಮ್ಮನಿಗೆ ಓದು ಬರುವುದಿಲ್ಲ. ನಾನೂ ತೋರಿಸಿಲ್ಲ.

ಸುಭದ್ರಮ್ಮ


ಶಿವಮೊಗ್ಗ
9 ಫೆಬ್ರವರಿ 2000

ಟೀಚರ್, ನಿಮ್ಮ ಕೋಪ ಇನ್ನೂ ಇಳಿದಿಲ್ಲ ಎಂದು ಗೊತ್ತು. ಇದನ್ನು ಓದಿದರೆ ಇಳಿಯುತ್ತದೆ.

ನಿನ್ನೆ ಹನ್ನೊಂದು ಗಂಟೆಗೆ ಒಬ್ಬರು ಪುರವಣಿಯ ಆ ಪುಟ ಮಡಚಿ ಹಿಡಿದುಕೊಂಡು ಆಫೀಸಿಗೆ ಬಂದರು. ಹೆಸರು ಯೋಗರಾಜ್, ಹರಿಹರದವರು, ಲಾರಿ ಓಡಿಸುತ್ತಾರೆ. ಕವನಾಳ ಅಪ್ಪ! "ನನ್ ಮಗಳ್ರೀ ಮೇಡಂ ಇದು. ಅವಳವ್ವ ಸಣ್ಣ ಜಗಳಕ್ಕೆ ಸಿಟ್ಟು ಮಾಡ್ಕೊಂಡು ಕರ್ಕೊಂಡು ಬಂದುಬಿಟ್ಟಾಳ್ರಿ. ಒಂದು ವರ್ಷ ಆತು, ಮುಖ ನೋಡಿಲ್ಲ. ಮಾತಾಡ್ತಾಳಂತೆ, ಖರೇನಾ?" ಎಂದು ಕೇಳಿ ಮೇಜಿಗೆ ತಲೆಯಿಟ್ಟು ಅತ್ತರು. ಕೈಯಲ್ಲಿ ಒಂದು ಹೊಸ ಫ್ರಾಕ್ ಇತ್ತು, ಅಳತೆ ಗೊತ್ತಿಲ್ಲದೆ ತುಂಬ ಚಿಕ್ಕದು ತಂದಿದ್ದರು. ನನಗೆ ತಡೆಯಲಾಗಲಿಲ್ಲ. ನನ್ನ ಕಾರ್ಡಿನ ಹಿಂದೆ ಶಾಲೆಯ ದಾರಿ ಬರೆದುಕೊಟ್ಟೆ. ಮಧ್ಯಾಹ್ನ ಎರಡೂವರೆಗೆ ಮಕ್ಕಳು ಬೇಲಿಯ ಹತ್ತಿರ ಗಿಡಕ್ಕೆ ನೀರು ಹಾಕುತ್ತಾರೆ, ಆಗ ಹೋದರೆ ಮಗಳನ್ನು ಅವಳ ತೋಟದಲ್ಲೇ ನೋಡಬಹುದು ಎಂದೆ. ನಿಮಗೆ ಮೊದಲೇ ಹೇಳಬಾರದು, ಎಲ್ಲರಿಗೂ ಆಶ್ಚರ್ಯವಾಗಲಿ ಎಂದು ಅವರು ಕೇಳಿಕೊಂಡರು. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ!

ಒಂದು ಫೋಟೋದಿಂದ ಒಂದು ಸಂಸಾರ ಕೂಡುವುದಾದರೆ ನನ್ನ ತಪ್ಪನ್ನು ಕ್ಷಮಿಸುತ್ತೀರಿ ತಾನೆ? ನಾಳೆ ಪ್ರತಿಷ್ಠಾನದವರ ಸಭೆ, ಬೆಂಗಳೂರಿಗೆ ಹೊರಟಿದ್ದೇನೆ.

ನಿಮ್ಮ ಮಧು


ಭದ್ರಾವತಿ
10 ಫೆಬ್ರವರಿ 2000, ಸಂಜೆ

ಮಧುಶ್ರೀ,

ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಮಾಡಿದೆ, ನಿನ್ನ ಆಫೀಸಿನಲ್ಲಿ ಯಾರೂ ಎತ್ತಲಿಲ್ಲ. ಈ ಚೀಟಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಕವನಾಳನ್ನು ಅವಳ ಅಪ್ಪ ಎತ್ತಿಕೊಂಡು ಹೋದ.

ಎರಡೂವರೆಗೆ. ಶಾಲಾ ಇನ್‌ಸ್ಪೆಕ್ಟರ್ ಕೋಣೆ ನೋಡಲು ಬಂದಿದ್ದರು. ನಾನು ಅವರಿಗೆ ನೆಲದ ಎಲೆಗಳನ್ನು ತೋರಿಸುತ್ತಿದ್ದೆ, ಇಬ್ಬರ ಬೆನ್ನೂ ಕಿಟಕಿಯ ಕಡೆಗಿತ್ತು. ಹುಡುಗಿ ಹೊರಗಿನಿಂದ ಓಡಿಬಂದು ಕಿಟಕಿ ಹತ್ತಿ ಒಳಕ್ಕೆ ಇಳಿಯಲು ನೋಡುತ್ತಿದ್ದಳಂತೆ. ಅವನು ಬೇಲಿ ದಾಟಿ ಬಂದು ಅವಳನ್ನು ಕಿಟಕಿಯಿಂದಲೇ ಎತ್ತಿಕೊಂಡ. ಮಕ್ಕಳು ಇನ್ನೊಂದು ಫೋಟೋ ತೆಗೆಯುತ್ತಾರೆ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಇನ್‌ಸ್ಪೆಕ್ಟರ್ ನಕ್ಕರು, ನಾನೂ ನಕ್ಕೆ. ಹುಡುಗಿ ಒಂದು ಶಬ್ದ ಮಾಡಲಿಲ್ಲ.

ಅವನಿಗೆ ವಿಳಾಸ ಯಾರು ಕೊಟ್ಟರೋ ತಿಳಿಯದು. ಠಾಣೆಯಲ್ಲಿ ಫೋಟೋ ಕೇಳುತ್ತಿದ್ದಾರೆ. ಪತ್ರಿಕೆಯದು ಬೇಡವಂತೆ. ನಿನ್ನ ಬಳಿ ಇರುವ ಒಳ್ಳೆಯದೊಂದನ್ನು ತಕ್ಷಣ ಕಳಿಸು.

ಸುಭದ್ರಮ್ಮ


ಭದ್ರಾವತಿ
11 ಫೆಬ್ರವರಿ 2000

ನಿನ್ನ ಒಂಬತ್ತನೇ ತಾರೀಖಿನ ಪತ್ರ ಇವತ್ತಿನ ಟಪಾಲಿನಲ್ಲಿ ಬಂತು.

ಓದಿದೆ.

ಸು.


ಶಿವಮೊಗ್ಗ
21 ಫೆಬ್ರವರಿ 2000

ಶ್ರೀಮತಿ ಸುಭದ್ರಮ್ಮ, ಮುಖ್ಯೋಪಾಧ್ಯಾಯಿನಿಯವರಿಗೆ.

ಮಾನ್ಯರೆ,

ದಿನಾಂಕ 10ರ ಘಟನೆಗೆ ಸಂಬಂಧಿಸಿದಂತೆ ನಮ್ಮ ವಕೀಲರ ಸಲಹೆಯ ಮೇರೆಗೆ ಈ ಕೆಳಗಿನ ಅಂಶಗಳನ್ನು ತಿಳಿಸಬಯಸುತ್ತೇನೆ. ಬೇಲಿಯ ಎತ್ತರವನ್ನು ಎರಡೂವರೆ ಅಡಿ ಎಂದೂ ಕಿಟಕಿಗೆ ಕಂಬಿ ಇರುವುದಿಲ್ಲ ಎಂದೂ ನಕ್ಷೆಯಲ್ಲಿ ಸ್ಪಷ್ಟವಾಗಿ ತೋರಿಸಲಾಗಿತ್ತು. ನಕ್ಷೆಗೆ ಆಡಳಿತ ಮಂಡಳಿಯ ಮತ್ತು ತಮ್ಮ ಸಹಿ ಇದೆ. ವಿದ್ಯಾರ್ಥಿನಿಯ ಕೌಟುಂಬಿಕ ಹಿನ್ನೆಲೆಯನ್ನು ತಾವು ಯಾವ ಹಂತದಲ್ಲೂ ನನ್ನ ಗಮನಕ್ಕೆ ತಂದಿರುವುದಿಲ್ಲ. ಮಗುವಿನ ತಂದೆ ಎಂದು ಹೇಳಿಕೊಂಡು ಬಂದವರು ನಿಜವಾಗಿಯೂ ತಂದೆಯೇ ಆಗಿರುತ್ತಾರೆ. ಆದ್ದರಿಂದ ನನ್ನ ಮೇಲೆ ಯಾವುದೇ ಹೊಣೆ ಬರುವುದಿಲ್ಲ.

ತಮ್ಮ ವಿಶ್ವಾಸಿ,
ಮಧುಶ್ರೀ

ಟೀಚರ್, ಮೇಲಿನದು ಟೈಪ್ ಮಾಡಿಸಿದ್ದು. ಅವನು ಅಳುತ್ತಿದ್ದ. ನಾನು ಏನು ಮಾಡಬೇಕಿತ್ತು?


ಭದ್ರಾವತಿ
3 ಮಾರ್ಚ್ 2000

ಮಧುಶ್ರೀ,

ನೀನು ಟೈಪ್ ಮಾಡಿಸಿದ್ದರಲ್ಲಿ ಒಂದೂ ಸುಳ್ಳಿಲ್ಲ. ಸುಳ್ಳು ಬರೆದವಳು ನಾನು. ಅದನ್ನೂ ನಿನ್ನ ಫೈಲಿಗೆ ಸೇರಿಸಿಕೋ.

ಜೂನಿನಲ್ಲಿ ಟಿಸಿ ಇಲ್ಲದೆ ಮಗಳನ್ನು ಕರೆತಂದಾಗಲೇ ದ್ಯಾಮಮ್ಮ ಎಲ್ಲವನ್ನೂ ಹೇಳಿದ್ದಳು. ಗಂಡನ ಹೊಡೆತ ತಾಳಲಾರದೆ ಅವಳು ಪಕ್ಕದ ಮನೆಯಲ್ಲಿ ಅಡಗಿದ್ದಳಂತೆ. ಅವ್ವ ಎಲ್ಲಿ ಎಂದು ಅವನು ಕೇಳಿದಾಗ ಹುಡುಗಿ ಸುಳ್ಳು ಹೇಳಿದಳು. ಹೇಳಿದ ಬಾಯಿಗೆ ಒಲೆಯ ಮೇಲಿದ್ದ ಸೌಟು ಇಟ್ಟ. ನೀನು ಮಚ್ಚೆ ಎಂದು ಮೆಚ್ಚಿಕೊಂಡದ್ದು ಅದನ್ನೇ. ಅಂದಿನಿಂದ ಹುಡುಗಿ ಬಾಯಿ ತೆರೆದಿರಲಿಲ್ಲ.

ಸೆಪ್ಟೆಂಬರಿನಲ್ಲಿ ದ್ಯಾಮಮ್ಮ ತನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಕಬ್ಬಿಣದ ಚಿಲಕ ಹಾಕಿಸಿದಳು. ಹಾಕುವುದು ತೆಗೆಯುವುದು ಮಗಳ ಕೆಲಸ ಎಂದಳು. ಆ ರಾತ್ರಿ ಹುಡುಗಿ ಮೂವತ್ತು ಸಲ ಹಾಕಿ ತೆಗೆದು, ಕೊನೆಗೆ, "ಅವ್ವಾ, ಚಿಲ್ಕ ಹಾಕ್ದೆ" ಎಂದಳಂತೆ. ಮಾರನೆಯ ಬೆಳಿಗ್ಗೆ ದ್ಯಾಮಮ್ಮ ಶಾಲೆಯ ಮೆಟ್ಟಿಲ ಮೇಲೆ ಕೂತು ಅತ್ತು ನನಗೆ ಹೇಳಿದಳು. "ಹಲಸು" ಎಂದದ್ದು ಅದಾದ ಎರಡು ದಿನಕ್ಕೆ. ಮಗುವಿಗೆ ಮಾತು ತಂದದ್ದು ಮುಚ್ಚಿದ ಬಾಗಿಲು. ನಾನು ನಿನಗೆ ತೆರೆದ ಕಿಟಕಿ ಎಂದು ಬರೆದೆ. ನನಗೆ ನಾಲ್ಕು ಕೋಣೆ ಬೇಕಿದ್ದವು.

ಠಾಣೆಯಲ್ಲಿ, "ಅಪ್ಪನೇ ಕರ್ಕೊಂಡು ಹೋಗಿದಾನಲ್ಲಮ್ಮ. ಇದರಲ್ಲಿ ಕಿಡ್ನಾಪ್ ಎಲ್ಲಿ ಬಂತು? ಗಂಡ ಹೆಂಡ್ತಿ ಕೂತ್ಕೊಂಡು ಮಾತಾಡ್ಕೊಳಿ" ಎಂದರು. ಮೂರನೆಯ ದಿನ ಎಲ್ಲಿಂದಲೋ ನಂಬರು ಹುಡುಕಿ ವರ್ಕ್‌ಶಾಪಿನ ಫೋನಿಗೆ ಅವನೇ ಮಾಡಿದ. ಅವನಿಗೆ ಬೇಕಿದ್ದದ್ದು ಮಗಳಲ್ಲ. "ನೀನು ಬಂದ್ರೆ ಮಗಳಿಗೆ ಅನ್ನ ಹಾಕ್ತೀನಿ" ಎಂದನಂತೆ. ದ್ಯಾಮಮ್ಮ ಆವತ್ತೇ ಹೊರಟಳು. ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ವಕೀಲರನ್ನು ನೋಡೋಣ, ನಾಲ್ಕು ದಿನ ತಡಿ ಎಂದೆ.

"ನಾಲ್ಕು ದಿನ ಅವಳು ಅಲ್ಲಿ ಒಬ್ಳೇ ಇರ್ಬೇಕಾ ಟೀಚರ್?" ಎಂದಳು. ಬಸ್ ಹತ್ತಿ ಕೂತ ಮೇಲೆ, "ನಿಮ್ಮನ್ನ ನಂಬಿ ಹೇಳಿದ್ದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಇನ್ನು ಪತ್ರ ಬರೆಯಬೇಡ.

ಸುಭದ್ರಮ್ಮ


ಶಿವಮೊಗ್ಗ
18 ಆಗಸ್ಟ್ 2000

ಪೂಜ್ಯ ಟೀಚರ್‌ಗೆ ನಮಸ್ಕಾರಗಳು.

ಬರೆಯಬೇಡ ಎಂದಿದ್ದಿರಿ. ಐದು ತಿಂಗಳು ಬರೆಯಲಿಲ್ಲ. ಫೆಬ್ರವರಿಯ ಪತ್ರಕ್ಕೆ ನನಗೆ ನಾಚಿಕೆಯಿದೆ. ವಕೀಲರನ್ನು ಹಿಡಿದು ಅದನ್ನು ಬರೆಸಿದ್ದು ನನ್ನ ಅಪ್ಪ, ಆದರೆ ಸಹಿ ನನ್ನದೇ.

ನೇರವಾಗಿ ಹೇಳಿಬಿಡುತ್ತೇನೆ. ಪ್ರತಿಷ್ಠಾನದವರು ಈ ವರ್ಷದ ಬಹುಮಾನಕ್ಕೆ ನಮ್ಮ ಕೋಣೆಯನ್ನು ಆರಿಸಿದ್ದಾರೆ. ಅದರ ಜೊತೆಗೇ ಉಳಿದ ನಾಲ್ಕು ಕೋಣೆಗಳ ಮಂಜೂರಾತಿ. ಆದರೆ ಯಾರೋ ಅವರ ಕಿವಿಗೆ ಏನೋ ಹಾಕಿದ್ದಾರೆ. ಆ ಹುಡುಗಿ ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಕೇಳುತ್ತಿದ್ದಾರೆ. ಮುಖ್ಯೋಪಾಧ್ಯಾಯಿನಿಯ ಸಹಿ, ಮೊಹರು ಇರುವ ಒಂದು ದೃಢೀಕರಣ ಸಾಕು. ಹೆಸರು ಬೇಡ. ಒಳ್ಳೆಯ ನಾಲ್ಕು ಮಾತು. ಇಲ್ಲದಿದ್ದರೆ ಬಹುಮಾನ, ಮಂಜೂರಾತಿ ಎರಡೂ ಬೇರೆ ಊರಿಗೆ ಹೋಗುತ್ತವೆ.

ಕವನಾಳಿಗಾಗಿ ನಾವಿಬ್ಬರೂ ಇನ್ನು ಏನೂ ಮಾಡಲಾರೆವು. ಶಾಲೆಯ ನೂರಾ ಎಪ್ಪತ್ತು ಮಕ್ಕಳಿಗಾಗಿ ಕೇಳುತ್ತಿದ್ದೇನೆ.

ಮಧು


ಭದ್ರಾವತಿ
2 ಸೆಪ್ಟೆಂಬರ್ 2000

ಮಧುಶ್ರೀ,

ನಿನ್ನ ಪತ್ರ ಬಂದ ಮೇಲೆ ಕಳೆದ ಭಾನುವಾರ ಹರಿಹರಕ್ಕೆ ಹೋಗಿದ್ದೆ. ಸಹಿ ಹಾಕುವ ಮೊದಲು ಕಣ್ಣಾರೆ ನೋಡಬೇಕು ಅನ್ನಿಸಿತು. ವಿಚಾರಿಸುತ್ತಾ ಹೋಗಿ ಲಾರಿಗಳು ನಿಲ್ಲುವ ಬಯಲಿನ ಹಿಂದೆ ಮನೆ ಹುಡುಕಿದೆ. ಅವನು ಲಾರಿಯಲ್ಲಿ ಲೋಡ್ ತೆಗೆದುಕೊಂಡು ಎಲ್ಲೋ ಹೋಗಿದ್ದ.

ದ್ಯಾಮಮ್ಮ ಬಾಗಿಲಲ್ಲೇ ನಿಂತಳು. ಎಡಗೈಯ ಮಣಿಕಟ್ಟು ಸೊಟ್ಟಗೆ ಕೂಡಿದೆ. ಒಳಗೆ ಕರೆಯಲಿಲ್ಲ, ನೀರು ಮಾತ್ರ ತಂದುಕೊಟ್ಟಳು. ಕವನ ಹೊಸ್ತಿಲ ಒಳಗೆ ಅಕ್ಕಿ ಆರಿಸುತ್ತಿದ್ದಳು. ತಲೆ ಬೋಳಿಸಿದ್ದಾರೆ, ಹೇನಂತೆ. "ಕವನ, ನಾನು ಕಣೇ, ಟೀಚರ್" ಎಂದೆ. ಮೊರದಿಂದ ಕೈ ತೆಗೆಯದೆ ನನ್ನನ್ನು ನೋಡಿದಳು. ಒಳ್ಳೆಯ ಅಕ್ಕಿಯನ್ನೂ ಕಲ್ಲನ್ನೂ ಒಂದೇ ಕಡೆ ಹಾಕುತ್ತಿದ್ದಳು.

"ಮಾತಾಡ್ತಾಳಾ?" ಎಂದು ಕೇಳಿದೆ.

"ಯಾರ ಹತ್ರ ಮಾತಾಡ್ಬೇಕು?" ಎಂದಳು ದ್ಯಾಮಮ್ಮ. ಲೋಟ ಇಸಿದುಕೊಂಡು, "ನೀವು ಬಂದಿದ್ದು ಅಕ್ಕಪಕ್ಕದೋರು ನೋಡಿದ್ರೆ ಹೇಳ್ತಾರೆ. ಇನ್ನೊಂದ್ಸಲ ಬರಬೇಡಿ ಟೀಚರ್" ಎಂದಳು. ನಾನು ಹತ್ತು ನಿಮಿಷ ಕೂಡ ಅಲ್ಲಿ ನಿಲ್ಲಲಿಲ್ಲ.

ಬಸ್ಸಿನಲ್ಲಿ ಕೂತು, ಸಹಿ ಹಾಕಬಾರದು ಎಂದುಕೊಂಡೆ. ಭದ್ರಾವತಿ ಬರುವವರೆಗೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಸೋಮವಾರ ಬೆಳಿಗ್ಗೆ ಐದನೇ ತರಗತಿಯ ಕೋಣೆಗೆ ಹೋದೆ. ಶೀಟಿನ ಕೆಳಗೆ ಮಕ್ಕಳು ಬೆವರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಬ್ಬಳು ಎದ್ದು, "ಟೀಚರ್, ನಮ್ಮ ರೂಮು ಯಾವಾಗ ಮೂರನೇ ಕ್ಲಾಸಿನ ರೂಮಿನ ಹಾಗೆ ಆಗುತ್ತೆ?" ಎಂದು ಕೇಳಿದಳು. ಬೇಗ ಆಗುತ್ತೆ ಎಂದೆ. ಆ ಮಕ್ಕಳಿಗಾಗಿ ಎಂದು ನಾನೂ ನಿನ್ನ ಹಾಗೆ ಬರೆಯಬಹುದು. ಆದರೆ ಕಾರ್ಯದರ್ಶಿಗಳು ನನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮಾತಾಡಿದಾಗ ನಾನು ಬೇಡ ಎನ್ನಲಿಲ್ಲ. ಅದೂ ನಿನಗೆ ಗೊತ್ತಿರಲಿ.

ನೀನು ಕೇಳಿದ್ದು ಇದರ ಜೊತೆಗಿದೆ. ಎರಡು ಪ್ರತಿ ಮಾಡಿದ್ದೇನೆ.

ಸುಭದ್ರಮ್ಮ


ದೃಢೀಕರಣ ಪತ್ರ

ಈ ಮೂಲಕ ದೃಢೀಕರಿಸುವುದೇನೆಂದರೆ, ನಮ್ಮ ಶಾಲೆಯ ಮೂರನೇ ತರಗತಿಗೆ 1999ರ ಜೂನ್ ತಿಂಗಳಲ್ಲಿ ದಾಖಲಾದ ವಿದ್ಯಾರ್ಥಿನಿಯೊಬ್ಬಳು ದಾಖಲಾತಿಯ ಸಮಯದಲ್ಲಿ ಮಾತನಾಡುತ್ತಿರಲಿಲ್ಲ. ನಿಸರ್ಗದಿಂದ ಪ್ರೇರಣೆ ಪಡೆದು ಮಾರ್ಪಡಿಸಿದ ತರಗತಿ ಕೋಣೆಯಲ್ಲಿ ಕಲಿತ ಕೆಲವೇ ವಾರಗಳಲ್ಲಿ ಸದರಿ ವಿದ್ಯಾರ್ಥಿನಿಯು ಮಾತನಾಡಲು ಆರಂಭಿಸಿರುತ್ತಾಳೆ. ಪ್ರಸ್ತುತ ತನ್ನ ತಂದೆ ತಾಯಿಯೊಂದಿಗೆ ಪರಸ್ಥಳದಲ್ಲಿ ವಾಸವಾಗಿದ್ದು, ದಿನಾಂಕ 27-8-2000ರಂದು ನಾನು ಖುದ್ದಾಗಿ ಭೇಟಿಯಾದಾಗ ಆರೋಗ್ಯವಾಗಿದ್ದು, ಚೆನ್ನಾಗಿ ಮಾತನಾಡಿರುತ್ತಾಳೆ.

(ಸಹಿ) ಸುಭದ್ರಮ್ಮ
ಮುಖ್ಯೋಪಾಧ್ಯಾಯಿನಿ
(ಶಾಲೆಯ ಮೊಹರು)